ಅಲ್ಪವೆಚ್ಚದ ಗಿಟಾರು: ಕೊಳ್ಳುವ ಕ್ರಮವೂ ಅಣಿಗೊಳಿಸುವ ವಿಧಾನವೂ



ಹುಡುಗಿಯೊಬ್ಬಳು ಗಿಟಾರು ಕಲಿಯಬೇಕೆಂದು ಬಯಸುವಳು. ತಂದೆತಾಯಿಗಳು ತಮ್ಮ ವರಮಾನದಲ್ಲಿ ಅಷ್ಟಿಷ್ಟು ಮಿಗಿಸಿ, ಅಂಗಡಿಯಲ್ಲಿ ಕಣ್ಣಿಗೆ ಅಂದವಾಗಿ ತೋರಿದ ಒಂದು ವಾದ್ಯವನ್ನು ತಂದುಕೊಡುವರು. ಮೊದಲ ವಾರ ಉತ್ಸಾಹ, ಎರಡನೆಯ ವಾರ ಬೆರಳುನೋವು, ಎರಡು ಮೂರು ತಿಂಗಳಾಗುವಷ್ಟರಲ್ಲಿ ವಾದ್ಯವು ಗೋಡೆಯ ಮೊಳೆಗೆ ಸೇರುವುದು. “ಇವಳಿಗೆ ಸಂಗೀತವು ಒಲಿಯಲಿಲ್ಲ” ಎಂದು ಮನೆಯವರು ಹೇಳುವರು. “ನನ್ನ ಬೆರಳುಗಳೇ ಇದಕ್ಕೆ ತಕ್ಕವಲ್ಲ” ಎಂದು ಹುಡುಗಿಯು ನಂಬುವಳು. ಹಣವು ವ್ಯರ್ಥವಾದುದು ಒಂದು ನಷ್ಟ. ಆದರೆ ಮಗುವು ತನ್ನ ವಿಷಯದಲ್ಲಿಯೇ ಒಂದು ತಪ್ಪು ತೀರ್ಮಾನಕ್ಕೆ ಬರುವುದು ಅದಕ್ಕಿಂತಲೂ ದೊಡ್ಡ ನಷ್ಟ. ಇಂಥ ಸಂದರ್ಭಗಳಲ್ಲಿ ಅನೇಕವೇಳೆ ದೋಷವಿರುವುದು ಬೆರಳಿನಲ್ಲಲ್ಲ, ತಂತಿಯ ಕೆಳಗೆ ಒಂದೆರಡು ಮಿಲಿಮೀಟರು ಹೆಚ್ಚಾಗಿ ಉಳಿದ ಎಲುಬು ಅಥವಾ ಪ್ಲಾಸ್ಟಿಕ್ಕಿನ ತುಂಡಿನಲ್ಲಿ. ಅಲ್ಪ ಬೆಲೆಯ ವಾದ್ಯವನ್ನು ಹೇಗೆ ಪರೀಕ್ಷಿಸಿ ಕೊಳ್ಳಬೇಕು, ಕೊಂಡ ಮೇಲೆ ಅದನ್ನು ನುಡಿಸಲು ಹೇಗೆ ಅಣಿಗೊಳಿಸಬೇಕು ಎಂಬುದನ್ನು ಕ್ರಮವಾಗಿ ತಿಳಿಸುವುದೇ ಈ ಪಾಠದ ಉದ್ದೇಶ.

೧. ವಾದ್ಯದ ಅಂಗಗಳು

ವೀಣೆಯನ್ನು ಕಂಡವರಿಗೆ ಗಿಟಾರಿನ ಅಂಗಗಳು ತೀರ ಅಪರಿಚಿತವಾಗಿ ತೋರಲಾರವು. ತಂತಿಗಳನ್ನು ಬಿಗಿಯುವ ಬಿರಡೆಗಳು, ಉದ್ದನೆಯ ದಂಡಿ, ದಂಡಿಯ ಮೇಲೆ ಅಡ್ಡಲಾಗಿ ಕೂರಿಸಿದ ಮೆಟ್ಟಿಲುಗಳು, ನಾದವನ್ನು ಹಿಗ್ಗಿಸುವ ಟೊಳ್ಳಾದ ಒಡಲು, ಆ ಒಡಲಿನ ಮೇಲಿನ ಕುದುರೆ, ಇವೆಲ್ಲವೂ ಎರಡರಲ್ಲಿಯೂ ಉಂಟು. ಗಿಟಾರಿನ ತಂತಿಗಳು ಆರು. ಬಿರಡೆಗಳ ಕಡೆಯ ತುದಿಯಲ್ಲಿ ಅವು ಹಾದುಹೋಗುವ ಗೀರುಳ್ಳ ಸಣ್ಣ ಕಟ್ಟೆಗೆ ನಟ್ ಎಂದೂ, ಕುದುರೆಯ ಮೇಲೆ ಅವು ಆತುಕೊಳ್ಳುವ ತೆಳ್ಳನೆಯ ಪಟ್ಟಿಗೆ ಸ್ಯಾಡಲ್ ಎಂದೂ ಹೆಸರು. ಈ ಎರಡು ಹೆಸರುಗಳನ್ನು ನೆನಪಿನಲ್ಲಿಡಬೇಕು. ಏತಕ್ಕೆಂದರೆ ಮುಂದೆ ಹೇಳುವ ಕೆಲಸದಲ್ಲಿ ಬಹುಭಾಗವು ಇವೆರಡಕ್ಕೇ ಸಂಬಂಧಿಸಿದುದು.

ವೀಣೆಗೂ ಗಿಟಾರಿಗೂ ಒಂದು ಮುಖ್ಯವಾದ ಭೇದವಿದೆ. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತಿರುವುದರಿಂದ, ಸ್ವರವು ತಪ್ಪಿದಾಗ ಮೇಳ ಕಟ್ಟುವವರು ಅವನ್ನು ಸರಿಸಿ ಸರಿಪಡಿಸಬಹುದು. ಗಿಟಾರಿನ ಮೆಟ್ಟಿಲುಗಳಾದರೋ ಮರದಲ್ಲಿ ಕೊರೆದ ಸೀಳುಗಳೊಳಗೆ ಬಡಿಯಲ್ಪಟ್ಟಿರುವುವು. ಅವುಗಳ ಸ್ಥಾನವು ಹುಟ್ಟಿನಲ್ಲಿಯೇ ತಪ್ಪಿದ್ದರೆ ಆ ವಾದ್ಯಕ್ಕೆ ಚಿಕಿತ್ಸೆಯಿಲ್ಲ.

ಆ ಸ್ಥಾನಗಳನ್ನು ಗೊತ್ತುಮಾಡುವುದು ಸರಳವಾದ ಒಂದು ಗಣಿತ. ನಟ್ಟಿನಿಂದ ಸ್ಯಾಡಲಿನವರೆಗಿನ ತಂತಿಯ ಉದ್ದವನ್ನು ೧೭.೮೧೭ರಿಂದ ಭಾಗಿಸಿದರೆ ಮೊದಲನೆಯ ಮೆಟ್ಟಿಲಿನ ದೂರವು ಸಿಕ್ಕುವುದು. ಉಳಿದ ಉದ್ದವನ್ನು ಪುನಃ ಅದೇ ಸಂಖ್ಯೆಯಿಂದ ಭಾಗಿಸಿದರೆ ಮೊದಲನೆಯದರಿಂದ ಎರಡನೆಯದಕ್ಕಿರುವ ದೂರ. ತಂತಿಯು ೬೫೦ ಮಿಲಿಮೀಟರು ಉದ್ದವಿದ್ದರೆ ಮೊದಲ ಅಂತರವು ಸುಮಾರು ೩೬.೫, ಎರಡನೆಯದು ಸುಮಾರು ೩೪.೪ ಮಿಲಿಮೀಟರು. ಹೀಗೆ ಹನ್ನೆರಡು ಸಲ ಮಾಡಿದರೆ ಸರಿಯಾಗಿ ಅರ್ಧವಾದ ೩೨೫ ಮಿಲಿಮೀಟರಿಗೆ ಬಂದು ನಿಲ್ಲುವೆವು. ಅಲ್ಲಿ ಒತ್ತಿ ಮೀಟಿದರೆ ಕೆಳಗಿನ ಷಡ್ಜಕ್ಕೆ ಮೇಲಿನ ಷಡ್ಜವು ನುಡಿಯುವುದು. ಮೇಲಿನ ತರಗತಿಯ ಹುಡುಗಿಯರು ಇದನ್ನು ಮನೆಯ ವಾದ್ಯದ ಮೇಲೆಯೇ ಅಳೆದು ನೋಡಬಹುದು.

೨. ಯಾವ ಬಗೆಯ ಗಿಟಾರು?

ಹೊಸಬರು ಕೊಳ್ಳುವ ಗಿಟಾರುಗಳಲ್ಲಿ ಮುಖ್ಯವಾಗಿ ಎರಡು ಬಗೆ: ನೈಲಾನ್ ತಂತಿಯದು, ಉಕ್ಕಿನ ತಂತಿಯದು.

ಮೊದಲನೆಯದರ ರೂಪವನ್ನು ನೆಲೆಗೊಳಿಸಿದವನು ಸ್ಪೇನ್ ದೇಶದ ಅಲ್ಮೇರಿಯ ಪ್ರಾಂತದ ಆಂಟೋನಿಯೊ ದೆ ತೋರೆಸ್ (೧೮೧೭–೧೮೯೨) ಎಂಬ ಶಿಲ್ಪಿ. ಆಗ ಅದಕ್ಕೆ ಪ್ರಾಣಿಗಳ ಕರುಳಿನ ತಂತಿಗಳನ್ನು ಕಟ್ಟುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕರುಳಿನ ತಂತಿಗಳು ದುರ್ಲಭವಾಗಲು, ೧೯೪೦ರ ದಶಕದಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನನು ನೈಲಾನ್ ತಂತಿಗಳನ್ನು ಬಳಕೆಗೆ ತಂದನು. ಎರಡನೆಯ ಬಗೆಯು ಅಮೇರಿಕದಲ್ಲಿ ಬೆಳೆಯಿತು. ಜರ್ಮನಿಯ ಮಾರ್ಕ್‌ನಾಯ್‌ಕಿರ್ಖೆನ್ ಊರಿನ ಕ್ರಿಶ್ಚಿಯನ್ ಫ್ರೆಡ್ರಿಕ್ ಮಾರ್ಟಿನ್ ೧೮೩೩ರಲ್ಲಿ ಅಲ್ಲಿಗೆ ವಲಸೆಹೋಗಿ ಸ್ಥಾಪಿಸಿದ ಕಾರ್ಖಾನೆಯು ಇಂದಿಗೂ ಇದೆ.

ಉಕ್ಕಿನ ಆರು ತೆಳುತಂತಿಗಳು ಕೂಡಿ ವಾದ್ಯವನ್ನು ಸುಮಾರು ೭೦ ಕಿಲೋಗ್ರಾಮಿನ ಭಾರದಷ್ಟು ಸೆಳೆಯುವುವು. ನೈಲಾನಿನವು ಸುಮಾರು ೪೦ ಕಿಲೋಗ್ರಾಮಿನಷ್ಟು. ಆದುದರಿಂದ ನೈಲಾನಿಗಾಗಿ ಮಾಡಿದ ಗಿಟಾರಿಗೆ ಉಕ್ಕಿನ ತಂತಿಯನ್ನು ಎಂದಿಗೂ ಕಟ್ಟಬಾರದು. ಕಟ್ಟಿದರೆ ಕುದುರೆಯು ಕಿತ್ತುಬರುವುದು, ದಂಡಿಯು ಬಾಗುವುದು. ನೈಲಾನು ಬೆರಳಿಗೆ ಮೃದು. ಆದರೆ ಅದರ ದಂಡಿಯು ನಟ್ಟಿನ ಬಳಿ ಸುಮಾರು ೫೨ ಮಿಲಿಮೀಟರು ಅಗಲ. ಉಕ್ಕಿನ ತಂತಿಯು ಬೆರಳಿಗೆ ಬಿರುಸು. ಅದರ ದಂಡಿಯು ಸುಮಾರು ೪೩ ಮಿಲಿಮೀಟರು ಮಾತ್ರ. ಚಿಕ್ಕ ಕೈಯುಳ್ಳ ಹುಡುಗಿಯು ಎರಡನ್ನೂ ಹಿಡಿದು ನೋಡಿದ ಹೊರತು ಯಾವುದು ಹಿತವೆಂದು ಹೇಳಲಾಗದು. ಬಿಡಿ ಬಿಡಿ ಸ್ವರಗಳನ್ನು ನುಡಿಸುವ ಆಸೆಯುಳ್ಳವಳಿಗೆ ನೈಲಾನೂ, ಹಾಡಿಗೆ ಜೊತೆಯಾಗಿ ಮೀಟುವವಳಿಗೆ ಉಕ್ಕೂ ಒಪ್ಪುವುದು ಸಾಮಾನ್ಯ. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಮುಕ್ಕಾಲು ಅಳತೆಯ, ಎಂದರೆ ಒಟ್ಟು ಸುಮಾರು ೩೬ ಅಂಗುಲದ ಗಿಟಾರು ತಕ್ಕುದು. ಬೆಳೆಯುವ ಮಗುವೆಂದು ದೊಡ್ಡ ಲಂಗವನ್ನು ಹೊಲಿಸುವಂತೆ ದೊಡ್ಡ ವಾದ್ಯವನ್ನು ಕೊಳ್ಳಬಾರದು. ಲಂಗವನ್ನು ಮಡಿಚಿ ಹೊಲಿಯಬಹುದು, ದಂಡಿಯನ್ನು ಮಡಿಚಲಾಗದು.

೩. ಹಣವನ್ನು ಹಂಚುವ ಬಗೆ

ಈಗಿನ ಬೆಲೆಗಳಲ್ಲಿ ಐದರಿಂದ ಹತ್ತು ಸಾವಿರ ರೂಪಾಯಿಗಳೊಳಗೆ ಕಲಿಯಲು ಯೋಗ್ಯವಾದ ಹೊಸ ಗಿಟಾರು ದೊರೆಯುವುದು. ಆದರೆ ಕೈಯಲ್ಲಿರುವ ಹಣವನ್ನೆಲ್ಲ ವಾದ್ಯಕ್ಕೇ ಸುರಿಯಬಾರದು. ಎಂಟು ಸಾವಿರವಿದ್ದರೆ ಆರೂವರೆ ಸಾವಿರವನ್ನು ವಾದ್ಯಕ್ಕಿಟ್ಟು, ಉಳಿದ ಒಂದೂವರೆ ಸಾವಿರವನ್ನು ಹೊಸ ತಂತಿಗಳಿಗೆ, ಚೀಲಕ್ಕೆ, ಅವಶ್ಯವಿದ್ದರೆ ಕುಶಲನಾದ ಕೆಲಸಗಾರನ ಕೂಲಿಗೆ ತೆಗೆದಿರಿಸುವುದು ವಿವೇಕ. ಸರಿಯಾಗಿ ಅಣಿಗೊಳಿಸಿದ ಅಗ್ಗದ ಗಿಟಾರು, ಹಾಗೆಯೇ ಬಿಟ್ಟ ದುಬಾರಿ ಗಿಟಾರಿಗಿಂತ ಕಲಿಯುವವಳಿಗೆ ಹೆಚ್ಚು ಉಪಕಾರಿ.

ಮರದ ವಿಷಯದಲ್ಲಿ ಅಂಗಡಿಯವರ ಮಾತುಗಳು ಬಹಳ. ತೋರೆಸನು ೧೮೬೨ರಲ್ಲಿ ಬೆನ್ನನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಒಳ್ಳೆಯ ಮರದಿಂದ ರಚಿಸಿದ ಒಂದು ಗಿಟಾರನ್ನು ನಿರ್ಮಿಸಿದನು. ನಾದದಲ್ಲಿ ಮುಖ್ಯ ಪಾಲು ಮೇಲ್ಹಲಗೆಯದೆಂಬುದನ್ನು ತೋರಿಸುವುದು ಅವನ ಉದ್ದೇಶವಾಗಿತ್ತು. ಅಲ್ಪವೆಚ್ಚದವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಬೆನ್ನು ಮತ್ತು ಪಕ್ಕಗಳು ಪದರುಹಲಗೆಯಾಗಿದ್ದರೂ ಚಿಂತೆಯಿಲ್ಲ; ಸಾಧ್ಯವಾದರೆ ಮೇಲ್ಹಲಗೆಯು ಇಡಿಯ ಮರದ್ದಾಗಿರಲಿ. ನಡುವಿನ ನಾದರಂಧ್ರದ ಅಂಚನ್ನು ನೋಡಿರಿ. ಮೇಲಿನ ಮರದ ಗೆರೆಗಳು ಅಂಚಿನಲ್ಲಿಯೂ ಹಾಗೆಯೇ ಇಳಿದುಬಂದಿದ್ದರೆ ಅದು ಇಡಿಯ ಹಲಗೆ. ಅಡಕಿದ ಪದರುಗಳು ಕಂಡರೆ ಪದರುಹಲಗೆ. ಪದರುಹಲಗೆಯ ವಾದ್ಯವು ನಾದದಲ್ಲಿ ಸ್ವಲ್ಪ ಮಂದವಾದರೂ ಹವೆಯ ಬದಲಾವಣೆಯನ್ನು ಚೆನ್ನಾಗಿ ತಾಳುವುದೆಂಬುದನ್ನೂ ಹೇಳಬೇಕು.

ಉತ್ತಮ ಗಿಟಾರುಗಳ ಬೆನ್ನಿಗೂ ಪಕ್ಕಗಳಿಗೂ ಬಳಸುವ ಮರಗಳಲ್ಲಿ ನಮ್ಮ ಪಶ್ಚಿಮಘಟ್ಟದ ಬೀಟೆಯು ಬಹು ಪ್ರಸಿದ್ಧ. ಬ್ರೆಜಿಲ್ ದೇಶದ ಬೀಟೆಯು ದುರ್ಲಭವಾಗಲು ಮಾರ್ಟಿನ್ ಕಾರ್ಖಾನೆಯವರು ೧೯೬೯ರಲ್ಲಿ ಭಾರತದ ಬೀಟೆಗೆ ತಿರುಗಿದರು. ಆದರೂ ಈ ಮರದ ಆಸೆಗಾಗಿ ಹೊಸಬರು ಹೆಚ್ಚು ಹಣ ತೆರಬೇಕಾದುದಿಲ್ಲ.

೪. ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆಗಳು

ಹೋಗುವಾಗ ಒಂದು ಸಣ್ಣ ಉಕ್ಕಿನ ಅಳತೆಪಟ್ಟಿ, ಒಂದು ಗಜ ನೂಲು, ಎರಡು ತುಂಡು ಕಾಗದ, ಶ್ರುತಿಯನ್ನು ತೋರಿಸುವ ಸಾಧನವುಳ್ಳ ಮೊಬೈಲ್ ಫೋನು, ಇಷ್ಟನ್ನು ಕೊಂಡೊಯ್ಯಿರಿ. ವಾದ್ಯವನ್ನು ಮೊದಲು ಶ್ರುತಿಗೆ ತಂದೇ ಪರೀಕ್ಷಿಸಬೇಕು. ಸಡಿಲವಾದ ತಂತಿಯು ಯಾವ ಸತ್ಯವನ್ನೂ ಹೇಳದು.

ಮೊದಲನೆಯದಾಗಿ, ದಂಡಿಯನ್ನು ಬಂದೂಕಿನ ಗುರಿ ಹಿಡಿಯುವಂತೆ ತುದಿಯಿಂದ ದಿಟ್ಟಿಸಿರಿ. ಅದು ಬಹುಮಟ್ಟಿಗೆ ನೆಟ್ಟಗಿರಬೇಕು; ತಂತಿಯ ಸೆಳೆತಕ್ಕೆ ಅತಿ ಸ್ವಲ್ಪ ಒಳಬಾಗಿದ್ದರೆ ದೋಷವಲ್ಲ. ಹಗ್ಗದಂತೆ ತಿರುಚಿದ್ದರೆ ಆ ವಾದ್ಯವನ್ನು ಅಲ್ಲಿಯೇ ಬಿಡಿರಿ.

ಎರಡನೆಯದಾಗಿ, ನೂಲಿನಿಂದ ನಟ್ಟಿನಿಂದ ಹನ್ನೆರಡನೆಯ ಮೆಟ್ಟಿಲಿಗೂ, ಅಲ್ಲಿಂದ ಸ್ಯಾಡಲಿಗೂ ಅಳೆಯಿರಿ. ಎರಡನೆಯ ಅಳತೆಯು ಮೊದಲನೆಯದಕ್ಕಿಂತ ಕೆಲವು ಮಿಲಿಮೀಟರು ಮಾತ್ರ ಹೆಚ್ಚಿರಬೇಕು. ತಂತಿಯನ್ನು ಒತ್ತಿದಾಗ ಅದು ಸ್ವಲ್ಪ ಹಿಗ್ಗಿ ಸ್ವರವು ಏರುವುದರಿಂದ, ಅದಕ್ಕೆ ಪರಿಹಾರವಾಗಿ ಸ್ಯಾಡಲನ್ನು ತುಸು ಹಿಂದಕ್ಕೆ ಇಟ್ಟಿರುವರು. ಅಳತೆಯು ಕಡಿಮೆಯಾಗಿದ್ದರೆ ಕುದುರೆಯನ್ನು ತಪ್ಪು ಜಾಗದಲ್ಲಿ ಅಂಟಿಸಿರುವರೆಂದು ತಿಳಿಯಬೇಕು.

ಮೂರನೆಯದಾಗಿ, ಕಿವಿಯ ಪರೀಕ್ಷೆ. ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಒತ್ತದೆ ಬೆರಳಿನಿಂದ ಹೂವಿನಂತೆ ಮುಟ್ಟಿ ಮೀಟಿ, ಕೂಡಲೇ ಬೆರಳೆತ್ತಿದರೆ ಗಂಟೆಯಂಥ ಸ್ವರವು ಕೇಳಿಸುವುದು. ಅನಂತರ ಅದೇ ಮೆಟ್ಟಿಲಿನಲ್ಲಿ ಒತ್ತಿ ಮೀಟಿರಿ. ಎರಡೂ ಒಂದೇ ಸ್ವರವಾಗಿರಬೇಕು. ಹಳೆಯ ತುಕ್ಕುತಂತಿಗಳೂ ಭೇದವನ್ನುಂಟುಮಾಡುವುದರಿಂದ ಈ ಪರೀಕ್ಷೆಯು ಹೊಸ ತಂತಿಗಳಿಂದಲೇ ನಡೆಯತಕ್ಕದ್ದು.

ನಾಲ್ಕನೆಯದಾಗಿ, ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಿನಲ್ಲಿಯೂ ಒಂದೊಂದು ಸಲ ಮೀಟಿರಿ. ಎಲ್ಲಾದರೂ ಜೀರುಂಡೆಯಂತೆ ಗುಂಯ್ಗುಟ್ಟಿದರೆ ಆ ಸ್ಥಳವನ್ನು ಗುರುತಿಸಿರಿ. ದಂಡಿಯ ಅಂಚಿನ ಮೇಲೆ ಅಂಗೈಯನ್ನು ಸವರಿ, ಮೆಟ್ಟಿಲುಗಳ ತುದಿಗಳು ಚುಚ್ಚುವುವೋ ನೋಡಿರಿ.

ಐದನೆಯದಾಗಿ, ಸ್ಯಾಡಲು ಕುದುರೆಯ ಮೇಲೆ ಎಷ್ಟು ಎದ್ದು ನಿಂತಿದೆ ಎಂಬುದನ್ನು ಅಳೆಯಿರಿ. ತಂತಿಗಳು ದಂಡಿಯಿಂದ ಬಹಳ ಎತ್ತರದಲ್ಲಿದ್ದು ಸ್ಯಾಡಲು ಈಗಾಗಲೇ ಕುದುರೆಯೊಳಗೆ ಹುದುಗಿದ್ದರೆ, ಮುಂದೆ ತಗ್ಗಿಸಲು ಎಡೆಯೇ ಇಲ್ಲ. ಅಂಥದನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು.

ಬಳಸಿದ ವಾದ್ಯವನ್ನು ಕೊಳ್ಳುವವರು ಇನ್ನೂ ಮೂರನ್ನು ನೋಡಬೇಕು. ಕುದುರೆಯ ಹಿಂಬದಿಯ ಅಂಚಿನಲ್ಲಿ ಕಾಗದವು ತೂರಿದರೆ ಅಂಟು ಬಿಟ್ಟಿದೆ. ಬಿರಡೆಗಳಿರುವ ತಲೆಯು ದಂಡಿಗೆ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅಪಾಯ. ಬೆರಳಗೆಣ್ಣಿನಿಂದ ಒಡಲನ್ನು ಅಲ್ಲಲ್ಲಿ ತಟ್ಟಿದಾಗ ಒಳಗೆ ಏನಾದರೂ ಪಟಪಟನೆ ಅದುರಿದರೆ ಒಳಗಿನ ಪಟ್ಟಿಯು ಸಡಿಲವಾಗಿದೆ. ಈ ಮೂರೂ ಇಲ್ಲದಿದ್ದರೆ, ಗೀರುಗಳಿಗೂ ಮಾಸಿದ ಬಣ್ಣಕ್ಕೂ ಹೆದರಬೇಕಾದುದಿಲ್ಲ. ಅವು ಬೆಲೆಯನ್ನು ತಗ್ಗಿಸುವುವೇ ಹೊರತು ನಾದವನ್ನಲ್ಲ.

೫. ಅಣಿಗೊಳಿಸುವ ಕ್ರಮ

ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬಾರದು. ಒಂದೊಂದು ಹೆಜ್ಜೆಯೂ ಹಿಂದಿನದರ ಮೇಲೆ ನಿಂತಿದೆ. ಮೊದಲು ಹೊಸ ತಂತಿಗಳನ್ನು ಕಟ್ಟಿ ಶ್ರುತಿಗೆ ತಂದು ಒಂದು ದಿನ ಬಿಡಬೇಕು. ಉಕ್ಕಿನ ತಂತಿಗಳನ್ನು ಅತಿ ಸಣ್ಣನೆಯ ತಂತಿಯ ದಪ್ಪದಿಂದ ಗುರುತಿಸುವರು. ಹೊಸಬರಿಗೆ ೦.೦೧೦ ಅಥವಾ ೦.೦೧೧ ಅಂಗುಲದ ಜೊತೆಯು ೦.೦೧೨ರದಕ್ಕಿಂತ ಸುಲಭ.

ಮೊದಲನೆಯ ಹೆಜ್ಜೆ, ದಂಡಿಯ ಬಾಗು. ಉಕ್ಕಿನ ತಂತಿಯ ಗಿಟಾರುಗಳ ದಂಡಿಯೊಳಗೆ ಸಾಮಾನ್ಯವಾಗಿ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆಯುಂಟು; ನೈಲಾನಿನವುಗಳಲ್ಲಿ ಪ್ರಾಯಶಃ ಇರುವುದಿಲ್ಲ. ದಪ್ಪ ತಂತಿಯನ್ನು ಮೊದಲನೆಯ ಮತ್ತು ಹದಿನಾಲ್ಕನೆಯ ಮೆಟ್ಟಿಲುಗಳಲ್ಲಿ ಒಟ್ಟಿಗೆ ಒತ್ತಿದರೆ ಆ ತಂತಿಯೇ ನೆಟ್ಟನೆಯ ಗೆರೆಯಾಗುವುದು. ಆಗ ಏಳನೆಯ ಮೆಟ್ಟಿಲಿಗೂ ತಂತಿಗೂ ನಡುವೆ ಸುಮಾರು ೦.೨ ಮಿಲಿಮೀಟರು ಎಡೆಯಿರಬೇಕು. ಬರೆಯುವ ಸಾಧಾರಣ ಕಾಗದದ ಒಂದು ಹಾಳೆಯು ಸುಮಾರು ೦.೧ ಮಿಲಿಮೀಟರು ದಪ್ಪವಿರುವುದರಿಂದ, ಎರಡು ಹಾಳೆಗಳು ಸಲೀಸಾಗಿ ಹಿಡಿದರೆ ಸಾಕು. ಎಡೆಯು ಹೆಚ್ಚಿದ್ದರೆ ಸಲಾಕೆಯ ತಿರುಪನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ, ಎಡೆಯೇ ಇಲ್ಲದಿದ್ದರೆ ಅದಕ್ಕೆ ಎದುರಾಗಿ ತಿರುಗಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಕೂಡದು. ಪುನಃ ಶ್ರುತಿಮಾಡಿ ನೋಡಬೇಕು. ತಿರುಪು ಬಿಗಿಯಾಗಿ ನಿಂತರೆ ಬಲಾತ್ಕಾರ ಮಾಡದೆ ಕೆಲಸಗಾರನಿಗೆ ಒಪ್ಪಿಸಬೇಕು.

ಎರಡನೆಯ ಹೆಜ್ಜೆ, ನಟ್ಟಿನ ಎತ್ತರ. ತಂತಿಯನ್ನು ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ನಡುವೆ ಒತ್ತಿ ಹಿಡಿದು, ಮೊದಲನೆಯ ಮೆಟ್ಟಿಲಿನ ಮೇಲೆ ಎಷ್ಟು ಎಡೆಯಿದೆ ಎಂದು ನೋಡಿರಿ. ತೆಳ್ಳನೆಯ ಕಾಗದದಷ್ಟು ಎಡೆಯಿದ್ದರೆ ಉತ್ತಮ. ಸ್ಪಷ್ಟವಾಗಿ ಬೆಳಕು ಕಂಡರೆ ನಟ್ಟಿನ ಗೀರು ಎತ್ತರವಾಗಿದೆ. ಅಗ್ಗದ ಗಿಟಾರುಗಳಲ್ಲಿ ಅತಿ ಸಾಮಾನ್ಯವಾದ ದೋಷವು ಇದೇ. ಗೀರನ್ನು ಅರದಿಂದ ತಗ್ಗಿಸುವುದು ಸೂಕ್ಷ್ಮವಾದ ಕೆಲಸ. ಕೂದಲೆಳೆಯಷ್ಟು ಹೆಚ್ಚು ಹೋದರೆ ತಂತಿಯು ಮೊದಲನೆಯ ಮೆಟ್ಟಿಲಿಗೆ ತಗುಲಿ ಗುಂಯ್ಗುಟ್ಟುವುದು. ತಕ್ಕ ಅರಗಳಿಲ್ಲದವರು ಇದೊಂದನ್ನು ಕೆಲಸಗಾರನಿಂದ ಮಾಡಿಸುವುದು ಲೇಸು.

ಮೂರನೆಯ ಹೆಜ್ಜೆ, ಸ್ಯಾಡಲಿನ ಎತ್ತರ. ಹನ್ನೆರಡನೆಯ ಮೆಟ್ಟಿಲಿನ ನೆತ್ತಿಯಿಂದ ತಂತಿಯ ಕೆಳಬದಿಗೆ ಅಳೆಯಿರಿ. ಉಕ್ಕಿನ ಗಿಟಾರಿನಲ್ಲಿ ದಪ್ಪ ತಂತಿಗೆ ಸುಮಾರು ೨.೪, ಸಣ್ಣ ತಂತಿಗೆ ಸುಮಾರು ೧.೮ ಮಿಲಿಮೀಟರು, ನೈಲಾನಿನಲ್ಲಿ ಸುಮಾರು ೪ ಮತ್ತು ೩ ಮಿಲಿಮೀಟರು ಇದ್ದರೆ ಹಿತ. ಹನ್ನೆರಡನೆಯ ಮೆಟ್ಟಿಲು ತಂತಿಯ ಅರ್ಧದಲ್ಲಿರುವುದರಿಂದ, ಅಲ್ಲಿ ೧ ಮಿಲಿಮೀಟರು ತಗ್ಗಬೇಕಾದರೆ ಸ್ಯಾಡಲಿನಲ್ಲಿ ೨ ಮಿಲಿಮೀಟರು ತೆಗೆಯಬೇಕು. ಉದಾಹರಣೆಗೆ, ದಪ್ಪ ತಂತಿಯ ಎಡೆಯು ೩.೪ ಇದ್ದರೆ, ೩.೪ರಲ್ಲಿ ೨.೪ ಕಳೆದು ಉಳಿದ ೧ನ್ನು ಇಮ್ಮಡಿಸಿದರೆ ೨. ತಂತಿಗಳನ್ನು ಸಡಿಲಿಸಿ ಸ್ಯಾಡಲನ್ನು ಮೇಲಕ್ಕೆ ಎಳೆದು ತೆಗೆದು, ತೆಗೆಯಬೇಕಾದ ಅಳತೆಗೆ ಸೀಸದಕಡ್ಡಿಯಿಂದ ಗೆರೆಯೆಳೆದು, ಗಾಜಿನ ಮೇಲೆ ಹಾಸಿದ ಉಪ್ಪುಕಾಗದಕ್ಕೆ ಕೆಳಬದಿಯನ್ನು ನೆಟ್ಟಗೆ ಉಜ್ಜಬೇಕು. ಮೇಲ್ಬದಿಯನ್ನು ಮುಟ್ಟಕೂಡದು, ಅದರ ಬಾಗು ದಂಡಿಯ ಬಾಗಿಗೆ ಹೊಂದಿಸಲ್ಪಟ್ಟಿರುವುದು. ಒಂದೇ ಸಲ ಪೂರ್ತಿ ಉಜ್ಜದೆ, ಅರ್ಧ ಉಜ್ಜಿ, ತಂತಿ ಬಿಗಿದು, ಅಳೆದು ಮುಂದುವರಿಯಿರಿ. ಉಜ್ಜಿಹೋದುದು ಹಿಂದಿರುಗಿ ಬರುವುದಿಲ್ಲ. ಆದರೂ ಹೊಸ ಸ್ಯಾಡಲು ಅಲ್ಪ ಬೆಲೆಗೆ ಸಿಕ್ಕುವುದರಿಂದ ಬಹಳ ಭಯಪಡಬೇಕಾದುದಿಲ್ಲ. ಸ್ಯಾಡಲನ್ನು ಅಂಟಿಸಿದ್ದರೆ ಮಾತ್ರ ಎಳೆದಾಡದೆ ಬಲ್ಲವರಿಗೆ ತೋರಿಸಿರಿ.

೬. ಶ್ರುತಿ

ದಪ್ಪ ತಂತಿಯಿಂದ ಸಣ್ಣದರ ಕಡೆಗೆ ಆರು ತಂತಿಗಳ ಹೆಸರು ಇ, ಎ, ಡಿ, ಜಿ, ಬಿ, ಇ. ೧೯೩೯ರಲ್ಲಿ ಲಂಡನ್ನಿನಲ್ಲಿ ನೆರೆದ ಅಂತರರಾಷ್ಟ್ರೀಯ ಸಭೆಯು ಎ ಸ್ವರಕ್ಕೆ ಸೆಕೆಂಡಿಗೆ ೪೪೦ ಕಂಪನಗಳೆಂದು ಒಪ್ಪಿತು. ಗಿಟಾರಿನ ಎ ತಂತಿಯು ಅದರ ನಾಲ್ಕನೆಯ ಒಂದು ಪಾಲಾದ ೧೧೦ ಕಂಪನಗಳಲ್ಲಿ ನುಡಿಯುವುದು. ಫೋನಿನ ಸಾಧನವು ಇದನ್ನು ತೋರಿಸಿಕೊಡುವುದಾದರೂ, ಕಿವಿಯನ್ನು ಪಳಗಿಸಲು ಹಳೆಯ ವಿಧಾನವೇ ಮೇಲು. ದಪ್ಪ ತಂತಿಯನ್ನು ಐದನೆಯ ಮೆಟ್ಟಿಲಿನಲ್ಲಿ ಒತ್ತಿದ ಸ್ವರಕ್ಕೆ ಮುಂದಿನ ತಂತಿಯನ್ನು ಬಿಡಿಯಾಗಿ ಕೂಡಿಸಿರಿ. ಹೀಗೆಯೇ ಒಂದೊಂದಾಗಿ ಮುಂದುವರಿಯಿರಿ. ಜಿ ತಂತಿಯಿಂದ ಬಿ ತಂತಿಗೆ ಹೋಗುವಾಗ ಮಾತ್ರ ನಾಲ್ಕನೆಯ ಮೆಟ್ಟಿಲು. ಬಿ ತಂತಿಯಲ್ಲಿ ಪುನಃ ಐದನೆಯದು. ಸ್ವರವು ಮೀರಿ ಹೋದರೆ ಮೊದಲು ತಗ್ಗಿಸಿ, ಬಳಿಕ ಕೆಳಗಿನಿಂದ ಏರಿಸಿ ನಿಲ್ಲಿಸಬೇಕು. ಆಗ ಬಿರಡೆಯು ಜಾರದು.

೭. ಬೆರಳಿನ ನೋವೋ, ವಾದ್ಯದ ದೋಷವೋ?

ಮೊದಲ ಕೆಲವು ವಾರ ಬೆರಳ ತುದಿಯು ನೋಯುವುದು ಸಹಜ. ದಿನಕ್ಕೆ ಹದಿನೈದು ನಿಮಿಷದ ಅಭ್ಯಾಸದಿಂದ ಚರ್ಮವು ಗಟ್ಟಿಯಾಗುವುದು. ಆದರೆ ಈ ಸಹಜ ನೋವನ್ನೂ ವಾದ್ಯವು ಕೊಡುವ ಶಿಕ್ಷೆಯನ್ನೂ ಬೇರ್ಪಡಿಸಿ ತಿಳಿಯಬೇಕು. ಅದಕ್ಕೊಂದು ಸುಲಭ ಪರೀಕ್ಷೆಯುಂಟು. ಕೇಪೊ ಎಂಬ ಚಿಮಟವನ್ನು ಮೊದಲನೆಯ ಮೆಟ್ಟಿಲಿಗೆ ಹಾಕಿ ಹುಡುಗಿಯು ಅದೇ ಪಾಠವನ್ನು ನುಡಿಸಲಿ. ಒಡನೆಯೇ ಬಹಳ ಹಗುರವೆನಿಸಿದರೆ ನಟ್ಟು ಎತ್ತರವಾಗಿದೆ, ತಪ್ಪು ಅವಳದಲ್ಲ. ಎಫ್ ಎಂಬ ಸ್ವರಮೇಳದಲ್ಲಿ ಒಂದೇ ಬೆರಳಿನಿಂದ ಹಲವು ತಂತಿಗಳನ್ನು ನಟ್ಟಿನ ಪಕ್ಕದಲ್ಲಿಯೇ ಒತ್ತಬೇಕಾಗುವುದರಿಂದ, ಬಹು ಮಂದಿ ಅಲ್ಲಿಯೇ ಸೋತು ಬಿಡುವರು. ಮೊದಲು ನಟ್ಟನ್ನು ನೋಡಿರಿ, ಆಮೇಲೆ ಮಗುವನ್ನು ತಿದ್ದಿರಿ. ಕೆಲಸಗಾರನು ದೊರೆಯುವವರೆಗೆ ಎಲ್ಲ ತಂತಿಗಳನ್ನೂ ಒಂದು ಸ್ವರದಷ್ಟು ತಗ್ಗಿಸಿ, ಕೇಪೊವನ್ನು ಎರಡನೆಯ ಮೆಟ್ಟಿಲಿಗೆ ಹಾಕಿಕೊಂಡರೆ ಹಾಡಿನ ಶ್ರುತಿಯು ಬದಲಾಗದೆ ಬೆರಳಿಗೆ ಸುಖವಾಗುವುದು.

೮. ಸಂರಕ್ಷಣೆ

ಮರವು ಹವೆಯನ್ನು ಕುಡಿಯುವ ವಸ್ತು. ಕರಾವಳಿಯ ಮಳೆಗಾಲದಲ್ಲಿ ಮೇಲ್ಹಲಗೆಯು ಉಬ್ಬಿ ತಂತಿಗಳು ಏರುವುವು. ಬಳ್ಳಾರಿ, ಕಲಬುರಗಿಗಳ ಬೇಸಗೆಯಲ್ಲಿ ಮರವು ಕುಗ್ಗಿ, ತಂತಿಗಳು ತಗ್ಗಿ, ಮೆಟ್ಟಿಲುಗಳ ತುದಿಗಳು ಹೊರಚಾಚುವುವು. ನೂರಕ್ಕೆ ೪೫ರಿಂದ ೫೫ರ ತೇವವು ಗಿಟಾರಿಗೆ ಹಿತ. ಆದುದರಿಂದ ನುಡಿಸದ ವೇಳೆಯಲ್ಲಿ ಚೀಲದೊಳಗಿಟ್ಟು, ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣವನ್ನು ಜೊತೆಗಿರಿಸಿರಿ. ಬಿಸಿಲು ಬೀಳುವ ಕಿಟಕಿ, ನಿಲ್ಲಿಸಿದ ಮೋಟಾರು, ತೇವದ ಗೋಡೆ, ಈ ಮೂರೂ ಗಿಟಾರಿಗೆ ಶತ್ರುಗಳು. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಗಳ ಬೆವರನ್ನು ಒರಸಿರಿ. ದಿನವೂ ನುಡಿಸುವವರು ಮೂರು ನಾಲ್ಕು ತಿಂಗಳಿಗೊಮ್ಮೆ ತಂತಿಗಳನ್ನು ಬದಲಾಯಿಸುವುದು ಒಳ್ಳೆಯದು. ಹವೆಯು ಬದಲಾದಾಗ ಮೇಲ್ಕಂಡ ಮೂರು ಅಳತೆಗಳನ್ನು ಪುನಃ ನೋಡಿರಿ.

ಜಪಾನಿನ ಹಮಾಮಾತ್ಸು ಊರಿನಲ್ಲಿ ೧೮೮೭ರಲ್ಲಿ ಒಂದು ಶಾಲೆಯ ಕೆಟ್ಟುಹೋದ ರೀಡ್ ಆರ್ಗನ್ನನ್ನು ತೊರಾಕುಸು ಯಮಾಹ ಎಂಬುವನು ದುರಸ್ತಿ ಮಾಡಿದನು. ಆ ದುರಸ್ತಿಯಿಂದ ಆರಂಭವಾದ ಸಂಸ್ಥೆಯ ಗಿಟಾರುಗಳು ಇಂದು ನಮ್ಮ ಅಂಗಡಿಗಳಲ್ಲಿಯೂ ಸಾಧಾರಣ ಬೆಲೆಗೆ ದೊರೆಯುವುವು. ಕೆಟ್ಟ ವಾದ್ಯವನ್ನು ಮೂಲೆಗೆ ಸರಿಸದೆ, ಅದು ಏತಕ್ಕೆ ಕೆಟ್ಟಿತೆಂದು ಬಿಚ್ಚಿ ನೋಡುವ ಬುದ್ಧಿಯು ಎಷ್ಟು ಫಲಕೊಡುವುದೆಂಬುದಕ್ಕೆ ಇದು ಸಾಕ್ಷಿ.

ನಿಮ್ಮ ಮನೆಯ ಮೊಳೆಯ ಮೇಲೆ ಈಗ ಯಾವುದಾದರೂ ಗಿಟಾರು ತೂಗುತ್ತಿರುವುದಾದರೆ, ಈ ಭಾನುವಾರ ಮಧ್ಯಾಹ್ನ ಅದನ್ನು ಕೆಳಗಿಳಿಸಿರಿ. ಧೂಳನ್ನು ಒರಸಿ, ಹೊಸ ತಂತಿ ಕಟ್ಟಿ, ಅಳತೆಪಟ್ಟಿ ಮತ್ತು ಎರಡು ಹಾಳೆ ಕಾಗದಗಳಿಂದ ಮೇಲಿನ ಪರೀಕ್ಷೆಗಳನ್ನು ಮಾಡಿರಿ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅಳೆಯುವ ಕೆಲಸವನ್ನು ಅವಳ ಕೈಗೇ ಕೊಡಿರಿ. ದೋಷವು ಎಲ್ಲಿತ್ತೆಂಬುದನ್ನು ಅವಳು ತಾನೇ ಕಂಡುಕೊಳ್ಳಲಿ.